ಹಿಂದಿನ ಸೀಟಿನ ಅಳಿಯ

ಮಳಿಗೆಯಲ್ಲಿ ಕೆಲಸ ಮಾಡುವವರು ಎದುರಿಗೆ ಅವಳನ್ನು ಅಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ಹದ್ದಕ್ಕ ಎನ್ನುತ್ತಿದ್ದರು. ಎರಡೂ ಅವಳಿಗೆ ಗೊತ್ತಿತ್ತು. ಎರಡನೆಯದು ಕಿವಿಗೆ ಬಿದ್ದಾಗ ಒಳಗೊಳಗೇ ಖುಷಿಯೂ ಆಗುತ್ತಿತ್ತು.

ಏನೂ ಕೊಳ್ಳದೆ ಅಂಗಡಿ ಸುತ್ತುವುದೇ ಅವಳ ಕೆಲಸ. ಬಟ್ಟೆ, ಪಾತ್ರೆ, ಸೋಪು, ಔಷಧಿ ಎಲ್ಲ ಒಂದೇ ಸೂರಿನಡಿ ಸಿಗುವ ದೊಡ್ಡ ಮಳಿಗೆ ಅದು. ಬೆಳಿಗ್ಗೆ ಟ್ರಾಲಿಗೆ ಒಂದು ಬ್ರೆಡ್ಡು, ಎರಡು ಸೋಪು, ಒಂದು ಬಿಸ್ಕತ್ತಿನ ಪೊಟ್ಟಣ ಹಾಕಿಕೊಂಡು ಗಿರಾಕಿಯ ಹಾಗೆ ಹೊರಟರೆ ಸಂಜೆಯವರೆಗೂ ಅದೇ ಬ್ರೆಡ್ಡು, ಅದೇ ಸೋಪು. ವಾರದ ಕೊನೆಗೆ ಬಿಸ್ಕತ್ತು ಪೊಟ್ಟಣದೊಳಗೇ ಪುಡಿಪುಡಿಯಾಗಿರುತ್ತಿತ್ತು. ಕದಿಯಲು ಬಂದವರನ್ನು ಹಿಡಿಯಲೆಂದು ಅವಳಿಗೆ ಸಂಬಳ ಕೊಡುತ್ತಿದ್ದರು.

ಮೊದಲು ಅವಳು ಬಿಲ್ ಕೌಂಟರಿನಲ್ಲಿ ಇದ್ದವಳು. ಆಗ ಒಬ್ಬ ಹೆಂಗಸು, ನೋಡಿದರೆ ಒಳ್ಳೆಯ ಮನೆತನದವರ ಹಾಗಿದ್ದವರು, ಸುಡುಬಿಸಿಲಲ್ಲಿ ಛತ್ರಿ ತೋಳಿಗೆ ನೇತುಹಾಕಿಕೊಂಡು ಬರುತ್ತಿದ್ದರು. ಬಿಸಿಲಿಗೆ ಅದನ್ನು ಬಿಚ್ಚುತ್ತಲೂ ಇರಲಿಲ್ಲ. ಒಂದು ದಿನ ಇವಳು ಕೌಂಟರ್ ಬಿಟ್ಟು ಎದ್ದುಬಂದು, "ಮೇಡಂ, ಛತ್ರಿ ಬಣ್ಣ ಚೆನ್ನಾಗಿದೆ, ಸ್ವಲ್ಪ ಬಿಚ್ಚಿ ತೋರಿಸ್ತೀರಾ?" ಎಂದಳು. ಛತ್ರಿಯೊಳಗಿಂದ ಲಿಪ್‌ಸ್ಟಿಕ್ಕು, ಕಾಲುಚೀಲ, ಪುಟ್ಟದೊಂದು ಅಲಾರಂ ಗಡಿಯಾರ ಪಟಪಟನೆ ಉದುರಿದವು. ಮಾರನೆಯ ದಿನದಿಂದ ಅವಳಿಗೆ ಹೊಸ ಕೆಲಸ.

ಇಷ್ಟು ವರ್ಷಗಳಲ್ಲಿ ಅವಳು ಕಲಿತದ್ದು ದೊಡ್ಡ ವಿದ್ಯೆಯೇನಲ್ಲ. ಕೊಳ್ಳಲು ಬಂದವರು ಸಾಮಾನು ನೋಡುತ್ತಾರೆ, ಕದಿಯಲು ಬಂದವರು ಜನರನ್ನು ನೋಡುತ್ತಾರೆ, ಅಷ್ಟೆ. ಹಿಡಿದವರನ್ನು ಮಳಿಗೆಯ ಹಿಂದಿನ ಕೋಣೆಗೆ ಕರೆದೊಯ್ದು ಕೂರಿಸಿ, ಮೇಜಿನ ಮೇಲೆ ಒಂದು ತಟ್ಟೆ ಇಟ್ಟು ಸುಮ್ಮನಾಗಿಬಿಡುತ್ತಿದ್ದಳು. ಆ ಮೌನವನ್ನು ತಾಳಲಾರದೆ ಅವರೇ ಜೇಬು ಖಾಲಿ ಮಾಡುತ್ತಿದ್ದರು. ಯಾಕೆ ತಗೊಂಡಿರಿ ಎಂದರೆ ಹೆಚ್ಚಿನವರ ಉತ್ತರ ಒಂದೇ: "ಸುಮ್ನೆ."

ಕೆಲಸ ಮುಗಿದರೂ ಕಣ್ಣು ಮುಚ್ಚುತ್ತಿರಲಿಲ್ಲ. ಅವಳ ಗಂಡ ಕರೆಂಟ್ ಮೀಟರ್ ಓದುವವನು, ಊರಿಡೀ ಮನೆಮನೆ ಸುತ್ತುವ ನಿಧಾನಸ್ಥ. ಅವನ ಅಂಗಿ ಒಗೆಯುವ ಮೊದಲು ಜೇಬು ನೋಡುವುದು ಎಲ್ಲ ಹೆಂಡಂದಿರೂ ಮಾಡುವ ಕೆಲಸವೇ. ಇವಳು ಒಗೆಯದ ದಿನವೂ ನೋಡುತ್ತಿದ್ದಳು. "ನೋಡು, ನೋಡು, ಏನಾದ್ರೂ ಸಿಕ್ಕಿದ್ರೆ ನನಗೂ ಅರ್ಧ ಕೊಡು" ಎಂದು ಅವನು ನಗುತ್ತಿದ್ದ.

ಒಬ್ಬಳೇ ಮಗಳು ಒಂದು ದಿನ ಹುಡುಗನೊಬ್ಬನನ್ನು ಮನೆಗೆ ಕರೆತಂದು, ಮದುವೆಯಾದರೆ ಇವನನ್ನೇ ಎಂದಳು. ಅವನು ಲಿಫ್ಟ್ ಮೆಕ್ಯಾನಿಕ್. ಹದ್ದಕ್ಕ ಚಹಾ ಕೊಟ್ಟು ಎದುರಿಗೇ ಕುಳಿತಳು. ಕುಡಿತ ಉಂಟೇ, ಸಾಲ ಉಂಟೇ ಎಂದೆಲ್ಲ ಕೇಳಿಯಾದ ಮೇಲೆ, "ಅಷ್ಟು ಎತ್ತರದಲ್ಲಿ ನೇತಾಡೋ ಕೆಲಸ. ತಲೆಸುತ್ತು ಗಿಲೆಸುತ್ತು ಏನೂ ಇಲ್ಲ ತಾನೆ?" ಎಂದಳು.

"ಇಲ್ಲವೇ ಇಲ್ಲ ಆಂಟಿ. ಗಟ್ಟಿಮುಟ್ಟಾಗಿದೀನಿ."

ಅವನು ತಡವರಿಸದೆ ಉತ್ತರ ಕೊಟ್ಟದ್ದೇ ಅವಳಿಗೆ ಹಿಡಿಸಲಿಲ್ಲ. ಆದರೂ ಮದುವೆಯಾಯಿತು. ಆಂಟಿ ಅತ್ತೆಯಾದಳು.

ಆ ಬೇಸಿಗೆಯಲ್ಲಿ ನಾಲ್ವರೂ ಕಾರಿನಲ್ಲಿ ಪ್ರವಾಸ ಹೋಗೋಣವೆಂದವಳು ಮಗಳೇ. ಸಮುದ್ರದ ಅಂಚಿನ ರಸ್ತೆ ಹಿಡಿದು ಅದರ ತುದಿಯವರೆಗೆ ಹೋಗಿ, ಅಲ್ಲಿಂದ ಬೆಟ್ಟ ಹತ್ತಿ, ಒಂದಕ್ಕೊಂದು ಅಂಟಿಕೊಂಡಿರುವ ಎರಡು ರಾಷ್ಟ್ರೀಯ ಉದ್ಯಾನಗಳನ್ನು ದಾಟಿ ವಾಪಸು ಬರುವುದು. ಹೊರಡುವ ಬೆಳಿಗ್ಗೆ ಅಳಿಯ ಕೀಲಿಗೆ ಕೈ ಚಾಚಿ, "ನಾನು ಓಡಿಸ್ಲಾ ಮಾವ?" ಎಂದ.

"ಬೇಡ ಬಿಡಿ. ಗಾಡಿ ನಮ್ಮ ಮನೆಯವರ ಕೈಗೇ ಒಗ್ಗಿದೆ. ನೀವು ಹಿಂದೆ ಆರಾಮಾಗಿ ಕೂತ್ಕೊಳ್ಳಿ" ಎಂದು ಅವಳೇ ಉತ್ತರಿಸಿದಳು.

ಅವನು ಹಿಂದೆ ಕುಳಿತ. ಅವಳು ಮುಂದೆ ಕುಳಿತು, ಬಿಸಿಲಿನ ನೆಪದಲ್ಲಿ ತಲೆಯ ಮೇಲಿನ ಮರೆಹಲಗೆಯನ್ನು ಕೆಳಗೆಳೆದಳು. ಅದರ ಒಳಬದಿಗೆ ಪುಟ್ಟ ಕನ್ನಡಿಯಿತ್ತು. ಕನ್ನಡಿಯ ತುಂಬ ಅಳಿಯನ ಮುಖ.

ರಸ್ತೆ ಸಮುದ್ರದ ಜೊತೆ ಜೊತೆಗೇ ಬಳುಕುತ್ತ ಹೋಗುತ್ತಿತ್ತು. ಮಗಳು ಎಡಕ್ಕೆ ದೋಣಿ ತೋರಿಸಿದಳು, ಬಲಕ್ಕೆ ಬಂಡೆ ತೋರಿಸಿದಳು. ಅಳಿಯ ಹೂಂ ಎನ್ನುತ್ತಿದ್ದನೇ ಹೊರತು ನೋಡುತ್ತಿರಲಿಲ್ಲ. ಬಾಯಲ್ಲಿ ಸದಾ ಏನನ್ನೋ ಚೀಪುತ್ತಿದ್ದ. ಕನ್ನಡಿಯಲ್ಲಿ ಕಣ್ಣಿಗೆ ಕಣ್ಣು ಸೇರಿದರೆ ತಟ್ಟನೆ ನಗುತ್ತಿದ್ದ. ಕಾರು ನಿಂತದ್ದೇ ತಡ, ಎಲ್ಲರಿಗಿಂತ ಮೊದಲು ಇಳಿದು ಎಲ್ಲಿಗೋ ಮಾಯ. ತಿರುಗಿ ಬರುವಾಗ ಮುಖ ಒದ್ದೆ, ಕಣ್ಣು ಕೆಂಪು. ಪ್ಯಾಂಟಿನ ಜೇಬು ಉಬ್ಬಿಕೊಂಡು, ನಡೆದರೆ ಸರಬರ ಸದ್ದು.

ಮೊದಲ ಸಂಜೆ ಮರಳ ಮೇಲೆ ಜನವೆಲ್ಲ ಸಮುದ್ರದ ಕಡೆ ಮುಖ ಮಾಡಿ ನಿಂತಿದ್ದರು. ಅವನೊಬ್ಬ ಅತ್ತಿತ್ತ ಜನರನ್ನು ನೋಡುತ್ತಿದ್ದ. ಹದ್ದಕ್ಕ ಸಮುದ್ರ ಬಿಟ್ಟು ಅವನನ್ನೇ ನೋಡತೊಡಗಿದಳು.

ಮಾರನೆಯ ದಿನ ದಾರಿಯ ಅಂಗಡಿಯಲ್ಲಿ ಅವನು ಏನನ್ನೋ ಕೊಂಡು ಒಳಜೇಬಿಗೆ ಸೇರಿಸುವುದು ಕಣ್ಣಿಗೆ ಬಿತ್ತು.

"ಏನು ತಗೊಂಡ್ರಿ?"

"ಏನಿಲ್ಲ ಅತ್ತೆ, ಸುಮ್ನೆ."

ಅಲ್ಲಿಗೆ ಅವಳಿಗೆ ಖಾತ್ರಿಯಾಯಿತು. ಹುಡುಗ ಕುಡಿಯುತ್ತಾನೆ. ಚೀಪುವುದು ವಾಸನೆ ಮುಚ್ಚಲು, ಮುಖ ತೊಳೆಯುವುದು ಅಮಲು ಇಳಿಸಲು. ಬೆಳಿಗ್ಗೆ ತಿಂಡಿ ಬೇಡ ಎನ್ನುವುದು, ಸಂಜೆ ತಂಗುವ ಕಡೆ ಬಂದರೆ ಬರಗೆಟ್ಟವನ ಹಾಗೆ ಉಣ್ಣುವುದು, ಎಲ್ಲ ಲೆಕ್ಕಕ್ಕೆ ಸರಿಹೊಂದಿತು. ಅವನು ಸ್ನಾನಕ್ಕೆ ಹೋದಾಗ ಅವನ ನೀರಿನ ಬಾಟಲಿ ಮೂಸಿದಳು. ನಿಂಬೆ. ಒಂದು ಗುಟುಕು ಕುಡಿದಳು. ನಿಂಬೆ, ಉಪ್ಪು, ನೀರು. ಚಾಲಾಕಿ ಇದ್ದಾನೆ, ಅಸಲಿ ಬಾಟಲಿ ಬೇರೆ ಇಟ್ಟಿದ್ದಾನೆ ಎಂದುಕೊಂಡಳು.

ಗಂಡನ ಕಿವಿಗೂ ಹಾಕಿದಳು. ಅವನು ಕಾಲುಚೀಲ ಬಿಚ್ಚುತ್ತ, "ರಜಕ್ಕೆ ಬಂದಿದೀವಿ ಮಾರಾಯ್ತಿ. ಇಲ್ಲೂ ಡ್ಯೂಟಿ ಮಾಡ್ಬೇಡ" ಎಂದ. ಹೇಳುವಾಗ ಅವಳ ಮುಖ ನೋಡಲಿಲ್ಲ. ಇವನೂ ಜೊತೆಗೂಡಿ ಕುಡಿಯುತ್ತಿರಬಹುದೇ ಎಂಬ ಹುಳ ಆಗ ಅವಳ ತಲೆಗೆ ಹೊಕ್ಕಿತು.

ಸಮುದ್ರತೀರದ ಲೈಟ್‌ಹೌಸಿನ ಬಳಿ ಕಾರು ನಿಲ್ಲಿಸಿದಾಗ ಅವಳು ಅಳಿಯನ ಹಿಂದೆಯೇ ಹೋದಳು. ಚಪ್ಪಲಿಯ ಸದ್ದಾಗದಂತೆ ನಡೆಯುವುದು ಅವಳಿಗೆ ಅಭ್ಯಾಸ. ಮುಚ್ಚಿದ ಟಿಕೆಟ್ ಗೂಡಿನ ಹಿಂಬದಿ, ಕಸದ ಡಬ್ಬಗಳ ಪಕ್ಕ ಅವನು ಬಗ್ಗಿ ಬಾಯಿ ಮುಕ್ಕಳಿಸುತ್ತಿದ್ದ. ತಿರುಗಿ ನೋಡಿ ಬೆಚ್ಚಿಬಿದ್ದ.

"ಅತ್ತೆ! ನೀವಿಲ್ಲಿ?"

"ಗಾಳಿ ತಗೊಳ್ಳೋಣ ಅಂತ ಬಂದೆ."

"ನಾನೂ ಅಷ್ಟೆ."

ಸಮುದ್ರ ಗೋಡೆಯ ಆ ಬದಿಗಿತ್ತು. ಅತ್ತೆ ಅಳಿಯ ಇಬ್ಬರೂ ಕಸದ ಡಬ್ಬಗಳ ನಡುವೆ ನಿಂತು ಒಂದಷ್ಟು ಹೊತ್ತು ಗಾಳಿ ತೆಗೆದುಕೊಂಡರು.

ನಾಲ್ಕನೆಯ ದಿನ ಕಾರು ಸಮುದ್ರ ಬಿಟ್ಟು ಬೆಟ್ಟ ಹತ್ತಿತು. ಉದ್ಯಾನದ ಗೇಟಿನಲ್ಲಿ ದೊಡ್ಡ ಫಲಕವಿತ್ತು: ಗಾಡಿಯಿಂದ ಇಳಿಯಬಾರದು, ಏನನ್ನೂ ಎಸೆಯಬಾರದು, ಏನನ್ನೂ ಒಯ್ಯಬಾರದು. ಒಳಗೆ ರಸ್ತೆ ಹಾವಿನ ಹಾಗೆ ಸುತ್ತಿ ಸುತ್ತಿ ಏರುತ್ತಿತ್ತು. ಮಗಳು ಜಿಂಕೆ ಕಂಡು ಕೂಗಿದಳು. ಕನ್ನಡಿಯಲ್ಲಿ ಅಳಿಯನ ಮುಖ ಸುಣ್ಣ ಬಳಿದ ಗೋಡೆಯಂತಿತ್ತು. ಇದ್ದಕ್ಕಿದ್ದಂತೆ ಅವನು, "ಮಾವ, ನಿಲ್ಸಿ, ನಿಲ್ಸಿ!" ಎಂದವನೇ ಕಾರು ಪೂರ್ತಿ ನಿಲ್ಲುವ ಮೊದಲೇ ಬಾಗಿಲು ತೆಗೆದು ಜಿಗಿದು ಪೊದೆಯ ಹಿಂದೆ ಓಡಿದ.

"ನಾನು ಹೇಳ್ಲಿಲ್ವಾ?" ಎಂದಳು ಹದ್ದಕ್ಕ.

ಗಂಡ ಉತ್ತರ ಕೊಡುವುದರೊಳಗೆ ಹಿಂದಿನಿಂದ ಒಂದು ಜೀಪು ಬಂದು ನಿಂತಿತು. ಅದರಿಂದಿಳಿದ ಕಾವಲುಗಾರ ಸಣಕಲು ಮೈಯವನು, ಆದರೆ ದನಿ ಜೋರು. ಪೊದೆಯಿಂದ ಹೊರಬಂದ ಅಳಿಯನ ಉಬ್ಬಿದ ಜೇಬನ್ನೇ ನೋಡಿದ. "ಬನ್ನಿ, ಆಫೀಸಿಗೆ ಹೋಗಿ ಮಾತಾಡೋಣ" ಎಂದು ತನ್ನ ಜೀಪಿಗೇ ಹತ್ತಿಸಿಕೊಂಡ. ಅವನ ಜೊತೆಗಿದ್ದವನು ಪೊದೆ ತಪಾಸಣೆಗೆ ಅಲ್ಲೇ ಉಳಿದ. ಕಾರು ಜೀಪನ್ನು ಹಿಂಬಾಲಿಸಿತು.

ಗೇಟಿನ ಪಕ್ಕದ ಕೋಣೆಗೆ ಹದ್ದಕ್ಕ "ನಾನು ಇವರ ಅತ್ತೆ" ಎಂದು ನುಗ್ಗಿದಳು. ಒಳಗೆ ಕಾಲಿಟ್ಟವಳಿಗೆ ತನ್ನ ಮಳಿಗೆಯ ಹಿಂದಿನ ಕೋಣೆಗೇ ಬಂದಂತಾಯಿತು. ಒಂದು ಮೇಜು, ಎರಡು ಕುರ್ಚಿ, ಕಿಟಕಿಯಿಲ್ಲದ ಗೋಡೆ, ಹಗಲಲ್ಲೂ ಉರಿಯುವ ಟ್ಯೂಬ್‌ಲೈಟು. ಕಾವಲುಗಾರ ಮೇಜಿನ ಖಾಲಿ ಡ್ರಾಯರನ್ನೇ ಎಳೆದು ಅಳಿಯನ ಮುಂದಿಟ್ಟು ಸುಮ್ಮನೆ ಕುಳಿತ. ಆ ಸುಮ್ಮನಿರುವುದರ ಅರ್ಥ ಆ ಕೋಣೆಯಲ್ಲಿ ಅವಳಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರೂ ಇರಲಿಲ್ಲ.

ಅಳಿಯ ಜೇಬಿಗೆ ಕೈ ಹಾಕಿದ. ಅಚ್ಚುಕಟ್ಟಾಗಿ ಮಡಿಸಿದ ಪ್ಲಾಸ್ಟಿಕ್ ಕವರುಗಳು ಬಂದವು. ರಬ್ಬರ್ ಬ್ಯಾಂಡುಗಳು ಬಂದವು. ಪೆಪ್ಪರ್ಮಿಂಟು, ಕಾಗದ ಸುತ್ತಿದ ಅರ್ಧ ನಿಂಬೆಹಣ್ಣು, ಕೊನೆಗೆ ಒಂದು ಮಾತ್ರೆಯ ಪಟ್ಟಿ. ಅವನ ಕಿವಿ ಕೆಂಪಗಾಗಿತ್ತು. ಒಮ್ಮೆ ಅತ್ತೆಯ ಕಡೆ ನೋಡಿ ತಲೆ ತಗ್ಗಿಸಿದ.

"ಇಷ್ಟು ಕವರು ಯಾಕೆ? ಬೀಜ ತುಂಬ್ಸೋಕಾ, ಮೊಟ್ಟೆ ತುಂಬ್ಸೋಕಾ?" ಎಂದ ಕಾವಲುಗಾರ.

ಹದ್ದಕ್ಕ ಬಗ್ಗಿ ಮಾತ್ರೆಯ ಪಟ್ಟಿ ನೋಡಿದಳು. ಹಸಿರು ಗೆರೆಯ ಆ ಪಟ್ಟಿ ಅವಳ ಮಳಿಗೆಯಲ್ಲಿ ಬಿಲ್ ಕೌಂಟರಿನ ಪಕ್ಕದಲ್ಲೇ ನೇತಾಡುತ್ತದೆ. ಬಸ್ಸಿನಲ್ಲಿ ವಾಂತಿ ಬರುವ ಮಕ್ಕಳಿಗೆಂದು ತಾಯಂದಿರು ಕೊಳ್ಳುವ ಮಾತ್ರೆ ಅದು. ಕವರು, ನಿಂಬೆ, ತೊಳೆದ ಮುಖ, ಖಾಲಿ ಹೊಟ್ಟೆ ಎಲ್ಲ ಮತ್ತೊಮ್ಮೆ ಸಾಲುಗಟ್ಟಿ ನಿಂತವು, ಈ ಸಲ ಬೇರೆಯದೇ ಅರ್ಥದಲ್ಲಿ.

"ಅದು ವಾಂತಿ ಮಾತ್ರೆ. ತಿರುವಿನ ರಸ್ತೆ ಇವರಿಗೆ ಆಗಲ್ಲ" ಎಂದಳು.

"ಸಿಕ್ಕಿಹಾಕ್ಕೊಂಡ ಮೇಲೆ ಎಲ್ಲರೂ ಏನೋ ಒಂದು ಹೇಳ್ತಾರಮ್ಮ" ಎಂದ ಕಾವಲುಗಾರ. ಮಳಿಗೆಯಲ್ಲಿ ಇದು ಅವಳದೇ ಮಾತು. ಎಷ್ಟೋ ಸಲ ಹೇಳಿದ್ದಳು. "ಅಳಿಯ ಅಂದ್ಮೇಲೆ ನೀವು ಬಿಟ್ಟುಕೊಡ್ತೀರಾ? ಇವರು ದಾರಿಯುದ್ದಕ್ಕೂ ಏನೇನು ತುಂಬ್ಕೊಂಡು ಬಂದಿದಾರೋ ನಿಮಗೇನು ಗೊತ್ತು?"

"ಗೊತ್ತು."

"ಹೇಗೆ ಗೊತ್ತು?"

ಬಾಗಿಲಲ್ಲಿ ಮಗಳು ಬಂದು ನಿಂತದ್ದು ಅವಳಿಗೆ ಕಂಡಿತ್ತು. ಮಾತು ನುಂಗಿಕೊಳ್ಳಲು ಅವಕಾಶವೂ ಇತ್ತು. ಆದರೆ ಕುರ್ಚಿಯಲ್ಲಿ ಕುಳಿತ ಹುಡುಗ ಇನ್ನೂ ತಲೆ ಎತ್ತಿರಲಿಲ್ಲ.

"ನಾಲ್ಕು ದಿನದಿಂದ ನಾನು ಇವರ ಬೆನ್ನು ಬಿಟ್ಟಿಲ್ಲ" ಎಂದಳು ಹದ್ದಕ್ಕ. "ಎಲ್ಲಿ ಇಳಿದ್ರು, ಯಾರನ್ನ ನೋಡಿದ್ರು, ಏನು ಕೊಂಡ್ರು, ಎಲ್ಲ ನೋಡಿದೀನಿ. ಇವರ ಬಾಟಲಿ ಮೂಸಿದೀನಿ. ಅಂಗಡೀಲಿ ಕಳ್ಳರನ್ನ ಹಿಡಿಯೋದು ನನ್ನ ಕೆಲಸ. ಇವರು ಕಳ್ಳ ಅಂತಾನೇ ನಾನೂ ನೋಡ್ದೆ. ಒಂದು ಕಲ್ಲು, ಒಂದು ಎಲೆ ಕೂಡ ಮುಟ್ಟಿಲ್ಲ ಇವರು."

ಅಷ್ಟರಲ್ಲಿ ಪೊದೆ ತಪಾಸಣೆಗೆ ಉಳಿದಿದ್ದವನು ಇನ್ನೊಬ್ಬ ಕಾವಲುಗಾರನ ಬೈಕು ಹತ್ತಿ ಬಂದು, ಮೂಗಿಗೆ ಕರವಸ್ತ್ರ ಹಿಡಿದೇ, "ಸಾರ್, ಅಲ್ಲಿ ಏನೂ ಇಲ್ಲ. ಅಂದ್ರೆ, ಇರೋದು ಬರೀ ಅದೇ" ಎಂದ. ಕಾವಲುಗಾರ ಉಕ್ಕಿದ ನಗುವನ್ನು ಕೆಮ್ಮಿನಲ್ಲಿ ಮುಚ್ಚಿ, ಇಳಿದದ್ದು ತಪ್ಪೇ ಎಂದು ಗದರಿಸಿ, ಡ್ರಾಯರನ್ನು ಅಳಿಯನ ಕಡೆ ತಳ್ಳಿದ.

ಹೊರಗೆ ಬಂದ ಮೇಲೆ ಅಳಿಯನೇ ಮೊದಲು ಮಾತಾಡಿದ. "ತಪ್ಪಾಯ್ತು ಅತ್ತೆ. ಅವತ್ತು ನೀವು ತಲೆಸುತ್ತು ಉಂಟಾ ಅಂತ ಕೇಳಿದ್ರಿ, ಇಲ್ಲ ಅಂದ್ಬಿಟ್ಟೆ. ಲಿಫ್ಟಿನಲ್ಲಿ ನಿಜವಾಗ್ಲೂ ಏನೂ ಆಗಲ್ಲ. ಕಾರು ನಾನೇ ಓಡಿಸಿದ್ರೂ ಆಗಲ್ಲ. ಹಿಂದೆ ಕೂತ್ರೆ ಮಾತ್ರ..."

"ಇವಳಿಗಾದ್ರೂ ಹೇಳ್ಬಹುದಿತ್ತಲ್ಲ?" ಎಂದಳು ಹದ್ದಕ್ಕ, ಮಗಳನ್ನು ತೋರಿಸಿ.

"ನನಗೆ ಗೊತ್ತಿತ್ತು. ನೀನು ಏನಂದ್ಕೋತೀಯೋ ಅಂತ ಇಬ್ರೂ ಬಚ್ಚಿಟ್ವಿ" ಎಂದಳು ಮಗಳು.

ಹದ್ದಕ್ಕ ಗಂಡನ ಕಡೆ ತಿರುಗಿದಳು. ಅವನು ಕಾರಿನ ಗಾಜು ಒರೆಸತೊಡಗಿದ್ದ.

"ನಿಮಗೂ?"

"ಕವರು ತಂದ್ಕೊಟ್ಟವನೇ ನಾನು" ಎಂದ ಅವನು ಗಾಜಿಗೇ ಹೇಳುವಂತೆ.

ಕೀಲಿ ಅಳಿಯನ ಕೈಗೆ ಹೋಯಿತು. ಗಂಡ ಅವನ ಪಕ್ಕ ಕುಳಿತ. ತಾಯಿ ಮಗಳು ಹಿಂದೆ. ಎಷ್ಟೋ ದೂರ ಇಬ್ಬರೂ ತಮ್ಮ ತಮ್ಮ ಕಿಟಕಿ ನೋಡಿದರು. ಮೊದಲ ಉದ್ಯಾನ ಮುಗಿಯುತ್ತಿದ್ದಾಗ ಮಗಳು ತಗ್ಗಿದ ದನಿಯಲ್ಲಿ, "ಸ್ಕೂಲಿಂದ ಬಂದಾಗ ನನ್ನ ಬ್ಯಾಗನ್ನೂ ಹೀಗೇ ನೋಡ್ತಿದ್ದೆ ನೀನು. ನಾನು ಕೈಕಾಲು ತೊಳೆಯೋಕೆ ಹೋದಾಗ" ಎಂದಳು.

"ನಿನಗೆ ಗೊತ್ತಿತ್ತಾ?"

"ದಿನಾ ಗೊತ್ತಾಗ್ತಿತ್ತು ಅಮ್ಮ. ಪುಸ್ತಕ ಉಲ್ಟಾ ಇಟ್ಟಿರ್ತಿದ್ದೆ ನೀನು."

ಕಳ್ಳತನ ಮಾಡದವರ ಜೇಬು ನೋಡಿದಾಗ ಅವರಿಗೆ ಏನನ್ನಿಸುತ್ತದೆಂದು ಹದ್ದಕ್ಕ ಇದುವರೆಗೆ ಯಾರನ್ನೂ ಕೇಳಿರಲಿಲ್ಲ. ಎರಡನೆಯ ಉದ್ಯಾನದಲ್ಲಿ ಕಾಡೆಮ್ಮೆಗಳ ಹಿಂಡೊಂದು ರಸ್ತೆಗೇ ಬಂದಿತ್ತು. ಅಳಿಯ ಕಾರನ್ನು ಮೆಲ್ಲಗೆ ನಿಲ್ಲಿಸಿ, ಮೊದಲ ಸಲ ಕಣ್ಣರಳಿಸಿ ನೋಡಿದ. ಹದ್ದಕ್ಕನೂ ನೋಡಿದಳು, ಆದರೆ ಅವಳ ಕಣ್ಣು ಮತ್ತೆ ಮತ್ತೆ ಮಗಳ ಕಡೆಗೇ ಹೋಗುತ್ತಿತ್ತು.

ಊರಿಗೆ ಬಂದ ಮೇಲೆ ಮಗಳು ಬಹಳ ದಿನ ಫೋನ್ ಮಾಡಲಿಲ್ಲ. ಇವಳು ಮಾಡಿದರೆ ಹೂಂ, ಉಹೂಂ, ಇಡ್ತೀನಿ. ಫೋನ್ ಮಾಡುತ್ತಿದ್ದವನು ಅಳಿಯ. ಊಟ ಆಯ್ತಾ ಅತ್ತೆ, ಮಂಡಿನೋವು ಹೇಗಿದೆ, ಮಾವ ಏನು ಮಾಡ್ತಿದಾರೆ ಎಂದು ವಿಚಾರಿಸಿ, ಕೊನೆಗೆ ದನಿ ಇಳಿಸಿ, "ಇವಳು ಸರಿಹೋಗ್ತಾಳೆ ಬಿಡಿ" ಎನ್ನುತ್ತಿದ್ದ.

ಮಳಿಗೆಯಲ್ಲಿ ಅವಳ ಕೆಲಸಕ್ಕೇನೂ ಕುಂದು ಬರಲಿಲ್ಲ. ಪ್ರವಾಸದಿಂದ ಬಂದ ವಾರವೇ ಕೋಟಿನೊಳಗೆ ಇಸ್ತ್ರಿಪೆಟ್ಟಿಗೆ ಸೇರಿಸಿಕೊಂಡಿದ್ದವನೊಬ್ಬನನ್ನು ಹಿಡಿದಳು. ಮನೆಯಲ್ಲಿ ಮಾತ್ರ ಗಂಡನ ಅಂಗಿ ಜೇಬಿಗೆ ಕೈ ಹಾಕಲು ಹೋಗಿ ಕೆಲವೊಮ್ಮೆ ನಿಲ್ಲಿಸುತ್ತಿದ್ದಳು. ಎಲ್ಲ ಸಲವೂ ಅಲ್ಲ.

ಚಳಿಗಾಲ ಕಳೆಯುವ ಹೊತ್ತಿಗೆ ಮಗಳೇ ಒಂದು ಸಂಜೆ ಫೋನ್ ಮಾಡಿ, "ಭಾನುವಾರ ಇಬ್ರೂ ಊಟಕ್ಕೆ ಬನ್ನಿ" ಎಂದು, ಬೇರೇನೂ ಹೇಳದೆ ಇಟ್ಟುಬಿಟ್ಟಳು. ಹದ್ದಕ್ಕ ಫೋನು ಕೈಯಲ್ಲೇ ಹಿಡಿದು ಗಂಡನಿದ್ದಲ್ಲಿಗೆ ಹೋದಳು.

"ಇದ್ದಕ್ಕಿದ್ದ ಹಾಗೆ ಊಟಕ್ಕೆ ಕರೀತಿದಾಳೆ ರೀ. ಏನಿರಬಹುದು?" ಎಂದಳು ಗಂಡನಿಗೆ.

"ಊಟ ಇರುತ್ತೆ" ಎಂದ ಅವನು.

ಅವಳಿಗೆ ಅದು ಪೂರ್ತಿ ನಂಬಿಕೆಯಾಗಲಿಲ್ಲ. ಆದರೂ ಭಾನುವಾರ ಗಂಡನಿಗಿಂತ ಮೊದಲು ತಯಾರಾಗಿ ಬಾಗಿಲಲ್ಲಿ ನಿಂತವಳು ಅವಳೇ.