ಮರಳಿ ಬಂದ ಕರ್ಪೂರ

ಇಂದು ಬೆಳಿಗ್ಗೆ ಸ್ನಾನ ಮುಗಿಸಿ ಹೊರಗೆ ಬಂದಾಗ ಜಗುಲಿಯ ತುದಿಯಲ್ಲಿ ಒಂದು ಪೊಟ್ಟಣ ಕರ್ಪೂರವಿತ್ತು. ಹೊಸೂರಿನ ಅಂಗಡಿಯದು, ಹೊದಿಕೆಯನ್ನು ಇನ್ನೂ ಬಿಚ್ಚಿರಲಿಲ್ಲ. ಇಟ್ಟವರು ಕೂಗಿರಲಿಲ್ಲ, ಬಾಗಿಲು ತಟ್ಟಿರಲಿಲ್ಲ. ಯಾರೆಂದು ವಿಚಾರಿಸುವ ಅಗತ್ಯ ನನಗೂ ಇರಲಿಲ್ಲ. ಎರಡು ವರ್ಷದ ಹಿಂದೆ ನನ್ನ ಪೂಜೆಯ ಡಬ್ಬಿಯಿಂದ ಹೋದ ಕರ್ಪೂರ ಹೊಸ ಹೊದಿಕೆಯಲ್ಲಿ ಹಿಂದಿರುಗಿತ್ತು. ಮೂಸಬಾರದೆಂದುಕೊಂಡೇ ಮೂಸಿದೆ. ಓದುಗ ಮಿತ್ರರೇ, ಕರ್ಪೂರವೆಂದರೆ ನಿಮಗೆ ಗರ್ಭಗುಡಿ ನೆನಪಾದೀತು. ನನಗೆ ಒಂದು ಹಸುವಿನ ತೊಡೆಯ ಹುಣ್ಣು ನೆನಪಾಗುತ್ತದೆ.

ನಮ್ಮದು ಸಾನಮಾವು ಕಾಡಿನ ಅಂಚಿನ ಊರು. ಕಾರ್ಖಾನೆಯ ಬಸ್ಸು ಬೆಳಗಿನ ಪಾಳಿಯವರನ್ನು ತುಂಬಿಕೊಳ್ಳುವ ಹೊತ್ತಿಗೇ ಡೈರಿಯ ಮುಂದೆ ಹಾಲಿನ ಕ್ಯಾನುಗಳು ಸಾಲುಗಟ್ಟುತ್ತವೆ. ಇಲ್ಲಿನ ಕನ್ನಡ ಶಾಲೆಯಲ್ಲಿ ನಾನು ಮೇಷ್ಟರಾಗಿದ್ದೆ. ನಿವೃತ್ತನಾದ ಮೇಲೆ ಜಗುಲಿಯೇ ನನ್ನ ಶಾಲೆಯಾಯಿತು, ಪಂಚಾಂಗವೇ ಪಠ್ಯವಾಯಿತು. ರಾಗಿ ಬಿತ್ತುವುದಕ್ಕೂ ಕೊಳವೆಬಾವಿ ತೋಡಿಸುವುದಕ್ಕೂ ದಿನ ಕೇಳಿಕೊಂಡು ಜನ ಬರುತ್ತಿದ್ದರು. ಬೈಕು ಕೊಳ್ಳಲು ಹೋದವರು ಅಂಗಡಿಯಲ್ಲಿ ನಿಂತೇ ಫೋನು ಮಾಡಿ ರಾಹುಕಾಲ ಕೇಳಿದ್ದುಂಟು. ಕೇಳಿದವರಿಗೆಲ್ಲ ಹೇಳಿದೆ. ಹೇಳುತ್ತ ಹೇಳುತ್ತ, ನನಗೆ ತಿಳಿಯದ ವಿಷಯವೊಂದು ಲೋಕದಲ್ಲಿದೆ ಎಂಬುದೇ ನನಗೆ ಮರೆತುಹೋಯಿತು.

ನನ್ನ ಗೋಪೂಜೆಯ ಕ್ರಮವನ್ನೂ ಹೇಳಿಬಿಡಬೇಕು. ನಿತ್ಯವೂ ಕೊಟ್ಟಿಗೆಗೆ ಹೋಗಿ, ನಮ್ಮ ಹಸು ಕಪಿಲೆಯ ಬೆನ್ನಿಗೆ ಅರಿಸಿನ ಕುಂಕುಮವಿಟ್ಟು, ಬಾಲವನ್ನು ಕಣ್ಣಿಗೊತ್ತಿಕೊಂಡು, ಕಣ್ಣು ಮುಚ್ಚಿ ಮಂತ್ರ ಹೇಳಿ ಹಿಂದಿರುಗುವುದು. ಸಗಣಿ ಬಾಚುವುದು, ಉಣ್ಣೆ ಕೀಳುವುದು, ಗೊರಸಿನ ಸಂದಿಯನ್ನು ತೊಳೆಯುವುದು, ಮೇವು ಬಿಟ್ಟರೆ ಏಕೆಂದು ಯೋಚಿಸುವುದು, ಇವೆಲ್ಲ ನನ್ನ ಸೊಸೆ ಸುಮತಿಯ ಪಾಲು. ಮುಕ್ಕೋಟಿ ದೇವತೆಗಳು ನೆಲೆಸಿರುವ ದೇಹವೆಂದು ನಾನು ಸ್ತುತಿಸುತ್ತಿದ್ದೆ. ಆ ದೇಹಕ್ಕೆ ಜ್ವರ ಬಂದಿದೆಯೇ ಎಂದು ಮುಟ್ಟಿ ನೋಡುತ್ತಿದ್ದವಳು ಅವಳು.

ಆ ವರ್ಷ ಸುತ್ತಲಿನ ಊರುಗಳ ದನಗಳಿಗೆ ಗಂಟುರೋಗ ಹಬ್ಬಿತ್ತು. ಮೈಯೆಲ್ಲ ಗಂಟೆದ್ದು, ಕಾಲು ಊದಿ, ಗಂಟು ಒಡೆದು ಹುಣ್ಣಾಗುವ ಬೇನೆ. ಜನರು ಅದನ್ನು ‘ಅಮ್ಮ’ ಎಂದೇ ಕರೆದು ಕೊಟ್ಟಿಗೆಗೆ ಬೇವಿನ ಸೊಪ್ಪು ಕಟ್ಟಿದರು. ರೋಗ ನಮ್ಮ ಊರನ್ನು ಮುಟ್ಟುವ ಮೊದಲೇ ಲಸಿಕೆಯ ಗಾಡಿ ಬಂತು. ಬಂದದ್ದು ಒಂದು ಶುಕ್ರವಾರ.

ಗಾಡಿಯಿಂದ ಇಳಿದವರು ತಮಿಳು ಮನೆಮಾತಿನ ಒಬ್ಬ ಯುವ ವೈದ್ಯೆ. ಐಸು ಪೆಟ್ಟಿಗೆ ಹಿಡಿದು, ಮೊಣಕಾಲವರೆಗಿನ ಬೂಟು ಹಾಕಿಕೊಂಡೇ ನಮ್ಮ ಕೊಟ್ಟಿಗೆಯ ಹೊಸ್ತಿಲು ದಾಟಿದರು. ನಾನು ಆಗತಾನೆ ಅಲ್ಲಿ ಕುಂಕುಮವಿಟ್ಟು ಬಂದಿದ್ದೆ. ಆಕ್ಷೇಪಿಸಿದೆ. ಆಕೆ ನಕ್ಕು ಹೊರಬಂದು, ತನಗೆ ತಿಳಿದ ಕನ್ನಡದಲ್ಲಿ, “ತಾತಾ, ಇವತ್ತು ಬಿಟ್ರೆ ಊಸಿ ಇಲ್ಲ. ನಾಳೆ ಜವಳಗಿರಿ ಕಡೆ ಹೋಗ್ತೀವಿ” ಎಂದರು. ಅವರು ಚುಚ್ಚುಮದ್ದಿಗೆ ಊಸಿ ಎಂದದ್ದು ನನ್ನನ್ನು ತಟ್ಟಲಿಲ್ಲ. ನನ್ನನ್ನು ತಾತ ಎಂದದ್ದು ತಟ್ಟಿತು. ಊರೆಲ್ಲ ಅಯ್ನೋರೆ ಎನ್ನುವ ಮನುಷ್ಯನಿಗೆ ಆ ಒಂದು ಪದದಿಂದ ವಯಸ್ಸು ತಟ್ಟನೆ ಏರಿದಂತಾಯಿತು.

ಅದೇ ಹೊತ್ತಿಗೆ ತಿಮ್ಮಕ್ಕ ಬಂದಳು. ನಮ್ಮ ಮನೆಯಿಂದ ಮೂರನೆಯ ಮನೆಯವಳು. ಗಂಡ ತೀರಿಕೊಂಡ ಮೇಲೆ ಕೆಂದಿ ಎಂಬ ಹಸುವೂ ಅದರ ಹೆಣ್ಣುಕರುವೂ ಅವಳ ಸಂಸಾರ. ಒಲೆ ಹೊತ್ತುವುದು ಕೆಂದಿಯ ಹಾಲಿನಿಂದ, ಮನೆಯೊಳಗೆ ಮಾತು ಕೇಳಿಸುವುದೂ ಕೆಂದಿಯೊಡನೆಯೇ. ಹಗ್ಗ ಹಿಡಿದುಕೊಂಡೇ ಜಗುಲಿಯ ಕೆಳಗೆ ನಿಂತು, “ಹಾಕಿಸ್ಲಾ ಅಯ್ನೋರೆ? ದಿನ ಹೆಂಗದೆ?” ಎಂದು ಕೇಳಿದಳು.

ವೈದ್ಯೆ ಕೇಳಿಸಿಕೊಳ್ಳುವಷ್ಟು ಗಟ್ಟಿಯಾಗಿ ನಾನು ಹೇಳಿದೆ: “ಶುಕ್ರವಾರ ಮನೆಯ ಲಕ್ಷ್ಮಿಯ ಮೈಗೆ ಸೂಜಿ ಚುಚ್ಚಬಾರದು.”

ಈ ನಿಷೇಧ ಯಾವ ಗ್ರಂಥದಲ್ಲಿಯೂ ಇಲ್ಲ. ಶುಕ್ರವಾರ ಉಪ್ಪನ್ನು ಎರವಲು ಕೊಡಬಾರದೆಂದು ನನ್ನ ಅಜ್ಜಿ ಹೇಳುತ್ತಿದ್ದಳು, ಇದ್ದ ಆಧಾರ ಅಷ್ಟೇ. ಗ್ರಂಥದಲ್ಲಿಲ್ಲದ ಮಾತನ್ನು ಗ್ರಂಥದ ದನಿಯಲ್ಲಿ ಆಡಿದೆ. ತಿಮ್ಮಕ್ಕ ತಲೆಯಾಡಿಸಿ, ಕೆಂದಿಯನ್ನೂ ಕರುವನ್ನೂ ಹಿಂದಕ್ಕೆ ತಿರುಗಿಸಿಕೊಂಡು ಹೋದಳು. ಉಳಿದವರು ನನ್ನ ಮಾತನ್ನು ಕೇಳಿಯೂ ಕೇಳದವರಂತೆ ತಮ್ಮ ದನಗಳಿಗೆ ಲಸಿಕೆ ಹಾಕಿಸಿಕೊಂಡರೆಂದು ಆಮೇಲೆ ತಿಳಿಯಿತು. ನನ್ನನ್ನು ಪೂರ್ತಿಯಾಗಿ ನಂಬಿದವಳು ಅವಳೊಬ್ಬಳೇ.

ಪೂರ್ತಿ ನಂಬದವರಲ್ಲಿ ನನ್ನ ಸೊಸೆಯೂ ಒಬ್ಬಳು. ನಾಲ್ಕು ದಿನದ ಮೇಲೆ ನೋಡುತ್ತೇನೆ, ಕಪಿಲೆಯ ಕಿವಿಯಲ್ಲಿ ಹಳದಿ ಬಿಲ್ಲೆ. ಲಸಿಕೆ ಹಾಕಿದ ದನಕ್ಕೆ ಅವರು ಚುಚ್ಚುವ ಗುರುತು. ಆ ಶುಕ್ರವಾರ ತಿಮ್ಮಕ್ಕ ಹೋದ ಮೇಲೂ ನಾನು ಜಗುಲಿಯ ಮೇಲೆ ಉಪದೇಶ ಮುಂದುವರಿಸಿದ್ದಾಗಲೇ ಸುಮತಿ ಹಿತ್ತಿಲ ಬಾಗಿಲಿನಿಂದ ವೈದ್ಯೆಯನ್ನು ಒಳಗೆ ಕರೆದಿದ್ದಳು. ನಾಲ್ಕು ದಿನ ನಾನದನ್ನು ಕಾಣಲಿಲ್ಲವೇಕೆಂದರೆ ನನ್ನ ಪೂಜೆ ಬಾಲದ ಕಡೆಯದು. ಗದರಿಸಿದಾಗ ಅವಳು ಕಸಬರಿಕೆ ಕೆಳಗಿಡದೆಯೇ ಕೇಳಿದಳು: “ನಿಮ್ಮ ಪೂಜೆಗೆ ಹಸು ಬೇಕಲ್ವಾ ಮಾವ?”

ಆ ಕ್ಷಣವೇ ಎದ್ದು ತಿಮ್ಮಕ್ಕನ ಮನೆಗೆ ಹೋಗಬಹುದಿತ್ತು. ಗಾಡಿ ಇನ್ನೂ ಜವಳಗಿರಿಯ ಕಡೆಯಲ್ಲೇ ಸುತ್ತುತ್ತಿತ್ತು. ಒಂದು ಫೋನಿನ ಕೆಲಸ. ನಾನು ಮಾಡಿದ್ದು ಬೇರೆ. ಕಪಿಲೆಯನ್ನು ಬೀದಿಗೆ ಕಾಣದಂತೆ ಹಿತ್ತಿಲಿನಲ್ಲಿ ಕಟ್ಟಿಸಿದೆ.

ತಿಂಗಳು ತುಂಬುವುದರೊಳಗೆ ಕೆಂದಿಯ ಕತ್ತಿನ ಮೇಲೆ ಮೊದಲ ಗಂಟು ಎದ್ದಿತು. ಆಮೇಲೆ ಮೈತುಂಬ. ತಿಮ್ಮಕ್ಕ ಬೇವು ಅರಿಸಿನ ಅರೆದು ಹಚ್ಚಿದಳು, ವೀಳ್ಯದೆಲೆ ಮೆಣಸು ಬೆಲ್ಲ ಕುಟ್ಟಿ ತಿನ್ನಿಸಿದಳು. ಡಾಕ್ಟರೂ ಬಂದು ಔಷಧ ಕೊಟ್ಟರು. ತೊಡೆಯ ಗಂಟು ಒಡೆದು ಹುಳು ಬಿತ್ತು. ಹುಳುವಿಗೆ ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕಲಸಿ ತುಂಬಬೇಕು. ಅವಳು ಬಂದು ಕರ್ಪೂರ ಕೇಳಿದಳು. ಡಬ್ಬಿಯನ್ನೇ ಕೊಟ್ಟೆ. ಔದಾರ್ಯವೆಂದು ಅವಳು ಕೈಮುಗಿದಳು.

ನೋಡಿಬರಲು ಹೋಗಿದ್ದೆ. ಕೆಂದಿ ನಿಲ್ಲಲಾರದೆ ಗೋಡೆಗೆ ಒರಗಿತ್ತು. ತಿಮ್ಮಕ್ಕ ಬಟ್ಟೆಯ ತುಂಡನ್ನು ಎಣ್ಣೆಯಲ್ಲಿ ಅದ್ದಿ ಹುಣ್ಣಿಗೆ ಇಡುತ್ತಿದ್ದಳು. ಕೊಳೆಯುತ್ತಿದ್ದ ಮಾಂಸದ ನಾತದ ಮೇಲೆ ಕರ್ಪೂರದ ಪರಿಮಳ ತೇಲುತ್ತಿತ್ತು. ಮಾರನೆಯ ದಿನ ಕೆಂದಿ ಹೋಯಿತು. ಹೊಲದ ಬದುವಿನಲ್ಲಿ ಜೆಸಿಬಿ ತರಿಸಿ ಗುಂಡಿ ತೋಡಿ, ಸುಣ್ಣ ಉಪ್ಪು ಸುರಿದು ಮುಚ್ಚಿದರು. ಮಣ್ಣು ಮುಚ್ಚಿದ ಮೇಲೆ ತಿಮ್ಮಕ್ಕ ನನ್ನ ಕಡೆ ತಿರುಗಿ ಮೆಲ್ಲಗೆ ಅಂದಳು: “ಸದ್ಯ, ಸುಕ್ರವಾರ ಸೂಜಿ ಹಾಕಿಸಿ ಪಾಪ ಕಟ್ಕಳ್ಳಿಲ್ಲ ಅಯ್ನೋರೆ. ಅದೊಂದು ನೆಮ್ಮದಿ.”

ನಾನು ಒಂದು ಶ್ಲೋಕ ಹೇಳಿ ಮನೆಗೆ ಬಂದೆ.

ಅಲ್ಲಿಂದ ಈಚೆಗೆ ನನ್ನ ಮಂಗಳಾರತಿ ಕಹಿಯಾಯಿತು. ಕರ್ಪೂರ ಉರಿದರೆ ಬೂದಿಯೂ ಉಳಿಯದು, ಅಹಂಕಾರವೂ ಹಾಗೆ ಉರಿಯಬೇಕು ಎಂದು ಶಾಲೆಯ ಮಕ್ಕಳಿಗೆ ಎಷ್ಟು ಸಲ ಅರ್ಥ ಹೇಳಿದ್ದೆ. ಬೂದಿ ಉಳಿಯಲಿಲ್ಲ, ನಿಜ. ವಾಸನೆ ಉಳಿಯಿತು. ಎರಡು ವರ್ಷ ದಿನವೂ ಕರ್ಪೂರವನ್ನು ದೇವರ ಮುಂದೆ ಹಚ್ಚಿದೆ. ಒಂದು ದಿನವೂ ಮೂರನೆಯ ಮನೆಯವರೆಗೆ ನಡೆಯಲಿಲ್ಲ.

ಮೊನ್ನೆ ಮತ್ತೆ ಲಸಿಕೆಯ ಸುದ್ದಿ ಬಂತು. ಈ ಸಲವೂ ಶುಕ್ರವಾರವೇ. ಹಿಂದಿನ ಸಂಜೆ ತಿಮ್ಮಕ್ಕ ಜಗುಲಿಯ ಕೆಳಗೆ ಬಂದು ನಿಂತಳು. ಕೆಂದಿಯ ಕರುವಿಗೆ ಆ ಬೇನೆ ತಟ್ಟಿರಲಿಲ್ಲ. ಈಗ ಬೆಳೆದು ಕಡಸಾಗಿದೆ. ಹಾಕಿಸಬಹುದೇ ಎಂದು ಕೇಳಿದಳು, ಅಂದು ಕೇಳಿದ ದನಿಯಲ್ಲೇ. ನಾನು ಕೆಳಗಿಳಿದು ಅವಳ ಎದುರು ನಿಂತೆ.

“ಆ ಮಾತು ಯಾವ ಗ್ರಂಥದಲ್ಲೂ ಇರಲಿಲ್ಲ, ತಿಮ್ಮಕ್ಕ. ಆ ಡಾಕ್ಟರ್ ಹುಡುಗಿಯ ಮೇಲಿನ ಸಿಟ್ಟಿಗೆ ನಾನೇ ಕಟ್ಟಿ ಹೇಳಿದೆ. ನಮ್ಮ ಕಪಿಲೆಗೆ ಅವತ್ತೇ ಲಸಿಕೆ ಆಗಿತ್ತು.”

ಅವಳು ಅಳಲಿಲ್ಲ, ಬೈಯಲೂ ಇಲ್ಲ. “ಗೊತ್ತು” ಎಂದಳು. “ನಿಮ್ಮ ಹಿತ್ತಲ ಬೇಲಿ ಪಕ್ಕನೇ ನಾ ಹುಲ್ಲು ಕುಯ್ಯೋದು. ಕಿವೀಲಿ ಬಿಲ್ಲೆ ಕಾಣಕ್ಕಿಲ್ವಾ? ಕಾಣೋ ಹೊತ್ಗೆ ಕೆಂದಿಗೆ ಗಂಟೆದ್ಬುಟ್ಟಿತ್ತು. ಕೆಂದಿ ಮ್ಯಾಲೆ ಮಣ್ಣು ಮುಚ್ಚಿದ್ ದಿನ ನೆಮ್ಮದಿ ಅಂದ್ನಲ್ಲ, ನೀವೇನಾರ ಅಂತೀರಾ ಅಂತ ಕಾದೆ ಅಯ್ನೋರೆ. ಸ್ಲೋಕ ಹೇಳ್ಬುಟ್ಟು ಹೊಂಟೋದ್ರಿ.”

ಮರುದಿನ ಗಾಡಿಯ ಮುಂದೆ ಮೊದಲು ನಿಂತದ್ದು ಅವಳ ಕಡಸು. ಆ ಮಧ್ಯಾಹ್ನ ಅವಳು ಹೊಸೂರಿನ ಬಸ್ಸು ಹತ್ತಿದ್ದನ್ನು ಜಗುಲಿಯಿಂದ ಕಂಡಿದ್ದೆ, ಏಕೆಂದು ತಿಳಿದಿರಲಿಲ್ಲ. ಇಂದು ತಿಳಿಯಿತು.

ಪೊಟ್ಟಣವನ್ನು ದೇವರ ಮನೆಗೆ ಒಯ್ಯುವ ಧೈರ್ಯವಾಗಲಿಲ್ಲ. ಕೊಟ್ಟಿಗೆಯ ಗೂಡಿನಲ್ಲಿ, ಸುಮತಿಯ ಕೊಬ್ಬರಿ ಎಣ್ಣೆಯ ಬಾಟಲಿಯ ಪಕ್ಕದಲ್ಲಿಟ್ಟೆ. ಮಂಗಳಾರತಿ ತುಪ್ಪದ ಬತ್ತಿಯಲ್ಲಿ ಆಯಿತು. ಬಳಿಕ ಗೋಪೂಜೆಗೆ ಹೋದಾಗ, ಬಾಲದ ಕಡೆಗೆ ಹೊರಟ ಕೈಯನ್ನು ತಡೆದು, ಕಣ್ಣು ತೆರೆದುಕೊಂಡು ಮುಂದೆ ಬಂದು ನಿಂತೆ. ಬಿಲ್ಲೆಯ ಸುತ್ತ ಕಪಿಲೆಯ ಕಿವಿ ಬೆಚ್ಚಗಿತ್ತು. ಹೊರಗೆ ತಿಮ್ಮಕ್ಕ ಕಡಸನ್ನು ಹೊಡೆದುಕೊಂಡು ಹೋಗುವ ಸದ್ದು ಕೇಳಿಸಿತು. ನಮ್ಮ ಮನೆಯ ಮುಂದೆ ಅವಳ ಹೆಜ್ಜೆ ನಿಧಾನವಾಗಲಿಲ್ಲ.