ಬಸ್ಸಾರಿನ ಪ್ರಶ್ನೆ

ಟಿ. ನಗರದ ನಮ್ಮ ಕಚೇರಿಯಲ್ಲಿ ಚೆನ್ನೈನ ಕನ್ನಡ ಮಕ್ಕಳಿಗೆ ಭಾಷಾ ಪರೀಕ್ಷೆ ತಯಾರಾಗುತ್ತಿತ್ತು. ಅಂಕಿಅಂಶ ನೋಡುತ್ತಿದ್ದವರು ಮೈಸೂರು ಕಡೆಯ ಮೇಷ್ಟ್ರು. ಮಕ್ಕಳ ಅಂಕಗಳು ಹೇಗೆ ಬರಬೇಕೆಂದು ಅವರ ಲೆಕ್ಕದ ಮಾಡೆಲ್ ಮೊದಲೇ ಹೇಳುತ್ತಿತ್ತು. ಕನ್ನಡಕವನ್ನು ಹಣೆಗೇರಿಸಿ, ಕಂಪ್ಯೂಟರಿನ ಪರದೆಯನ್ನು ಮಗುವಿನ ಕೆನ್ನೆಯಂತೆ ಸವರಿ, "ಮಾಡೆಲ್ ಸರಿಯಾಗಿದೆ ಕಣ್ರೀ, ಮಕ್ಕಳೇ ಹೊಂದ್ತಿಲ್ಲ" ಎನ್ನುತ್ತಿದ್ದರು.

ಒಂದು ವರ್ಷ 'ಬಸ್ಸಾರು ಮಾಡಲು ಮೊದಲು ಏನು ಮಾಡಬೇಕು?' ಎಂಬ ಪ್ರಶ್ನೆಯನ್ನು ಅವರೇ ಸೇರಿಸಿದರು. ಸೊಪ್ಪು ಬೇಯಿಸಿ ನೀರು ಬಸಿಯಬೇಕೆಂದು ಮೈಸೂರು ಕಡೆಯ ಮಕ್ಕಳೆಲ್ಲ ಬರೆದರು. ಉಡುಪಿ ಕಡೆಯ ಹೋಟೆಲಿನವರ ಮಕ್ಕಳೆಲ್ಲ ತಪ್ಪಿದರು. ಅವರಲ್ಲಿ ಅರಳು ಹುರಿದಂತೆ ಕನ್ನಡ ಮಾತಾಡುವ ಒಬ್ಬ ಹುಡುಗಿ 'ಬಸ್ಸು ಹತ್ತಬೇಕು' ಎಂದು ಬರೆದು, ಒಂದೇ ಅಂಕದಿಂದ ಮೇಲಿನ ತರಗತಿಯ ಸೀಟು ಕಳೆದುಕೊಂಡಳು.

ಅವಳ ತಾಯಿ ಕಚೇರಿಗೇ ಬಂದರು. "ನಮ್ಮಲ್ಲಿ ಬಸ್ಸಾರು ಮಾಡುದಿಲ್ಲ ಸರ್. ಇದು ಭಾಷೆಯ ಪರೀಕ್ಷೆಯಾ, ಅಡಿಗೆಯದ್ದಾ?"

ಅವರು ಹೋದ ಮೇಲೆ ಮೇಷ್ಟ್ರು ಪರದೆಯತ್ತ ತಿರುಗಿದರು. "ಆಕೆ ಹೇಳಿದ್ದು ನಿಜ. ಪಕ್ಷಪಾತ ತೆಗೀಲೇಬೇಕು" ಎಂದರು. ನನಗೆ ಸಮಾಧಾನವಾಯಿತು.

ಆಮೇಲೆ ಪ್ರಶ್ನೆಯನ್ನು ಹಾಗೇ ಬಿಟ್ಟು, ಅಂಕಪಟ್ಟಿಯಿಂದ ಹೋಟೆಲಿನವರ ಮಕ್ಕಳ ಹೆಸರುಗಳನ್ನು ಒಂದೊಂದಾಗಿ ಅಳಿಸಿದರು. ಉಳಿದ ಅಂಕಿಗಳೆಲ್ಲ ಮಾಡೆಲ್ಲಿನಲ್ಲಿ ಅಚ್ಚುಕಟ್ಟಾಗಿ ಕೂತವು. ಮರುದಿನದ ಸಭೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.