ಕರೆಂಟಮ್ಮನ ಗೋಪುರ

ಗೆಳೆಯರೇ, ಇವತ್ತು ತಮಿಳುನಾಡಿನ ಕೊಳತ್ತೂರಿನಲ್ಲಿ ನನ್ನ ಸೋದರತ್ತೆ ಮಾದಮ್ಮ ಇಲ್ಲದ ದೇವರಿಗೆ ಇರುವ ಬಾವಿಯನ್ನು ಬರೆದುಕೊಡುವುದರಲ್ಲಿದ್ದಳು. ಹೊಸ ವಿದ್ಯುತ್ ಲೈನಿನ ಸರ್ವೆಯವರು ಬಾವಿಯ ಪಕ್ಕದಲ್ಲೇ ಗೂಟ ಹೊಡೆದು, ಒಪ್ಪಿಗೆ ಪತ್ರವನ್ನು ತಮಿಳಿನಲ್ಲಿ ಓದಿ ಹೇಳಿದ್ದಾರೆ. ಟವರಿಗೆ ಅವರು ಹೇಳುವುದು ‘ಕೋಪುರಂ’. ತಮಿಳು ಅಷ್ಟಾಗಿ ಬಾರದ ಅತ್ತೆಯ ಕಿವಿಗೆ ಬಿದ್ದದ್ದು ಅದೊಂದೇ; ಗುಡಿಯ ಗೋಪುರವೆಂದುಕೊಂಡಳು. ನಾನು ಹೋಗುವಷ್ಟರಲ್ಲಿ ಅವಳ ಹೆಬ್ಬೆರಳಿಗೆ ಮಸಿ ಹತ್ತಿತ್ತು.

“ಯಾವ ದೇವ್ರು ಸಾಮಿ?” ಎಂದು ಸರ್ವೆಯ ಇಂಜಿನಿಯರನ್ನು ಭಕ್ತಿಯಿಂದ ಕೇಳಿದಳು.

“ಕರೆಂಟ್, ಅಮ್ಮಾ!” ಎಂದರು ಇಂಜಿನಿಯರು.

ಅತ್ತೆ ನನ್ನತ್ತ ತಿರುಗಿದಳು. “ಕರೆಂಟಮ್ಮನಾ? ಮಾರಮ್ಮನ ತಂಗಿಯೇನ್ಲಾ?”

“ದೇವ್ರಲ್ಲ ಅತ್ತೆ, ಕರೆಂಟಿನ ಕಬ್ಬಿಣದ ಟವರು. ಬಾವಿ ಮುಚ್ಚಿ ಅದ್ರ ಕಾಲು ಊರ್ತಾರೆ.”

ಹೆಬ್ಬೆರಳಿನ ಮಸಿ ತಕ್ಷಣ ಸೆರಗಿಗೆ ಹೋಯಿತು. “ಅಯ್ಯಯ್ಯೋ! ನನ್ ಕುರಿ ನೀರಿಗೆ ಎಲ್ಲಿಗೋಗ್ಬೇಕು? ಬ್ಯಾಡ ಸಾಮಿ, ವೇಂಡಾಂ!”

ಇಂಜಿನಿಯರು ನಗು ತಡೆದುಕೊಂಡು ನಕ್ಷೆ ಬಿಡಿಸಿದರು. ಪತ್ರಕ್ಕೆ ಹೆಬ್ಬೆಟ್ಟು ಬೀಳುವವರೆಗೆ ಜಾಗ ಬದಲಿಸಬಹುದಂತೆ. ಗೂಟ ಕೀಳಿಸಿ, ಆಚೆ ಸರ್ಕಾರಿ ಪುರಂಬೋಕು ಜಮೀನಿನ ಬಂಡೆಯ ಮೇಲೆ ಬಣ್ಣದ ಗುರುತು ಹಾಕಿಸಿದರು. ನನಗೂ ಉಸಿರು ಬಂತು.

ಧೈರ್ಯ ಬಂದ ಅತ್ತೆ ಕೇಳಿದಳು, “ಈ ಕರೆಂಟು ನಮ್ ಮನೆಗೂ ಬತ್ತೈತಾ?”

“ಇಲ್ಲಮ್ಮಾ, ಇದು ಸೇಲಂಗೆ ಪೋಗುದು.”

“ಓಗ್ಲಿ ಬುಡಿ. ಓಗೋರ್ನ ಯಾಕೆ ತಡೀಬೇಕು?”

ತಂತಿಯಿಂದ ನಮ್ಮೂರಿಗೆ ಕಾಂತಿ ಬರುವುದಿಲ್ಲವಂತೆ. ಸದ್ಯ, ಅತ್ತೆಗೆ ಶಾಂತಿ ಬಂದಿದೆ.